ಕೊನೆಯ ಹಕ್ಕಿಯ ಹಾಡನ್ನು ಫಾರ್ವರ್ಡ್ ಮಾಡುವ ಮುನ್ನ: ಅಳಿವಿನ ಬಗೆಗಿನ ಕಲೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ?

ಕಪ್ಪು ಹಿನ್ನೆಲೆ, ಕೊಳಲಿನಂಥ ಒಂದು ದನಿ. ಇದು ಜಗತ್ತಿನ ಕೊನೆಯ ಗಂಡು ಹಕ್ಕಿ, ಎಂದೂ ಬಾರದ ಹೆಣ್ಣಿಗಾಗಿ ಹಾಡುತ್ತಿದೆ ಎಂಬ ಒಕ್ಕಣೆ. ಈ ವಿಡಿಯೊ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಇನ್ನೊಂದು ಬಗೆಯ ಸಂದೇಶದಲ್ಲಿ ರಣಹದ್ದಿನ ಚಿತ್ರ ಇರುತ್ತದೆ. ಜಟಾಯುವಿನ ಕುಲ ನಾಶವಾಯಿತು, ಕಾರಣ ಮೊಬೈಲ್ ಟವರ್ ಎಂದು ಬರೆದಿರುತ್ತದೆ. ಎರಡನ್ನೂ ನೋಡಿದವರಿಗೆ ಬೇಸರವಾಗುತ್ತದೆ. ಬೇಸರವಾದ ಮೇಲೆ ಹತ್ತು ಗುಂಪಿಗೆ ಕಳಿಸುತ್ತೇವೆ.

ಬೇಸರವಾಗುವುದು ತಪ್ಪಲ್ಲ. ಹಾಡು, ಚಿತ್ರ, ಶಿಲ್ಪ, ಸಿನಿಮಾ ಇರುವುದೇ ಮನಸ್ಸು ಮುಟ್ಟುವುದಕ್ಕೆ. ಆದರೆ ಹಕ್ಕಿ ಯಾಕೆ ಹೋಯಿತು ಎಂಬ ಕಾರಣವೇ ತಪ್ಪಾಗಿ ಹರಡಿದರೆ, ಉಳಿದಿರುವ ಹಕ್ಕಿಗಳನ್ನು ಉಳಿಸುವ ದಾರಿಯೂ ತಪ್ಪುತ್ತದೆ. ಕೊಳ್ಳೇಗಾಲ, ಹನೂರು, ಯಳಂದೂರು ಭಾಗದವರಿಗೆ ಇದು ದೂರದ ಮಾತಲ್ಲ. ಒಂದು ಕಡೆ ಬಿಳಿಗಿರಿರಂಗನ ಬೆಟ್ಟ, ಇನ್ನೊಂದು ಕಡೆ ಮಲೆ ಮಹದೇಶ್ವರ ಬೆಟ್ಟ. ನಡುವೆ ದನ ಸಾಕಿ ಬದುಕುವ ನೂರಾರು ಊರುಗಳು. ರಣಹದ್ದಿನ ಕಥೆಯಲ್ಲಿ ದನಕ್ಕೆ ಕೊಡುವ ಇಂಜೆಕ್ಷನ್ನಿನ ಪಾತ್ರವೇ ದೊಡ್ಡದು.

ಸಂಕ್ಷಿಪ್ತವಾಗಿ

• ಹವಾಯಿಯ ‘ಕೊನೆಯ ಹಾಡಿನ’ ಹಕ್ಕಿ ನಿಜವಾಗಿಯೂ ಅಳಿದಿದೆ. ಆದರೆ ಫಾರ್ವರ್ಡ್‌ನಲ್ಲಿ ಕೇಳುವುದೆಲ್ಲ ಅದರ ಕೊನೆಯ ಹಾಡೇ ಅಲ್ಲ.
• ರಣಹದ್ದು ಭಾರತದಲ್ಲಿ ಪೂರ್ತಿ ಅಳಿದಿಲ್ಲ, ತೀವ್ರ ಅಪಾಯದಲ್ಲಿದೆ. ಮುಖ್ಯ ಕಾರಣ ದನಗಳಿಗೆ ಕೊಡುತ್ತಿದ್ದ ನೋವಿನ ಔಷಧ ಡೈಕ್ಲೋಫೆನಾಕ್. ಟವರ್ ಅಲ್ಲ.
• ಒಂದು ಹಕ್ಕಿ ಸೀರೆಯಲ್ಲಿ, ಲಾಂಛನದಲ್ಲಿ, ಪುರಾಣದಲ್ಲಿ ಇದೆ ಎಂದರೆ ಬಯಲಲ್ಲೂ ಇದೆ ಎಂದರ್ಥವಲ್ಲ.
• ಹಾಡು, ಚಿತ್ರಗಳು ಕೆಲವೊಮ್ಮೆ ವಿಜ್ಞಾನಕ್ಕೆ ಸಾಕ್ಷಿ ಆಗುತ್ತವೆ. ಆದರೆ ಎಣಿಕೆಯ ಕೆಲಸವನ್ನು ಅವು ಮಾಡಲಾರವು.
• ಲಂಟಾನದಿಂದ ಕುರ್ಚಿ, ಬುಟ್ಟಿ, ಆನೆ ಮಾಡುವುದು ಒಳ್ಳೆಯ ಕಸುಬು. ಅದೊಂದರಿಂದಲೇ ಕಾಡು ಮೊದಲಿನಂತಾಗುವುದಿಲ್ಲ.

ಹವಾಯಿಯ ಹಕ್ಕಿಯ ವಿಡಿಯೊ: ಎಷ್ಟು ನಿಜ?

ಆ ಹಕ್ಕಿಯ ಹೆಸರು ಕವಾಯಿ ಓಓ. ಅಮೆರಿಕಕ್ಕೆ ಸೇರಿದ ಹವಾಯಿ ದ್ವೀಪಗಳಲ್ಲಿ ಕವಾಯಿ ಎಂಬ ಒಂದೇ ದ್ವೀಪದಲ್ಲಿ ಅದು ಇತ್ತು. 1985ರಲ್ಲಿ ಕೊನೆಯದಾಗಿ ಕಂಡಿತು, 1987ರಲ್ಲಿ ಕೊನೆಯದಾಗಿ ಅದರ ದನಿ ಕೇಳಿತು. ಆಮೇಲೆ ಇಲ್ಲ. 2023ರಲ್ಲಿ ಅಮೆರಿಕ ಸರ್ಕಾರ ಅಳಿದ ಜೀವಿಗಳೆಂದು ಘೋಷಿಸಿ ಸಂರಕ್ಷಣಾ ಪಟ್ಟಿಯಿಂದ ತೆಗೆದ 21 ಜೀವಿಗಳಲ್ಲಿ ಇದೂ ಒಂದು.

ಹಾಗಾಗಿ ವಿಡಿಯೊದ ತಿರುಳು ನಿಜ. ಆದರೆ ಈ ಹಕ್ಕಿಯ ಧ್ವನಿಮುದ್ರಣ ಒಂದೇ ಅಲ್ಲ, ಹಲವಿವೆ. ಕೆಲವು 1970ರ ದಶಕದವು, ಆಗ ಇನ್ನೂ ಬೇರೆ ಹಕ್ಕಿಗಳು ಉಳಿದಿದ್ದವು. ಯಾವ ದನಿಯನ್ನಾದರೂ ತೆಗೆದುಕೊಂಡು, ಪ್ರತಿಧ್ವನಿ ಸೇರಿಸಿ, ಹಿಂದೆ ಪಿಯಾನೊ ಇಟ್ಟು ‘ಕೊನೆಯ ಹಾಡು’ ಎಂದು ಹಂಚುವುದು ಸುಲಭ. ಇನ್ನೂ ಮುಖ್ಯವಾದ ಸಂಗತಿ, ಒಕ್ಕಣೆಯಲ್ಲಿ ಕಾರಣವೇ ಇರುವುದಿಲ್ಲ. ಹೊರಗಿನಿಂದ ಹಡಗುಗಳಲ್ಲಿ ಬಂದ ಸೊಳ್ಳೆ ಹರಡಿದ ಹಕ್ಕಿ ಮಲೇರಿಯಾ, ಇಲಿಗಳು, ಕಾಡಿನ ನಾಶ, ಕೊನೆಗೆ ಚಂಡಮಾರುತಗಳು ಸೇರಿ ಆ ಹಕ್ಕಿಯನ್ನು ಮುಗಿಸಿದವು. ಸೊಳ್ಳೆಯ ಮಾತು ತಿಳಿದವರಿಗೆ ಹವಾಯಿಯಲ್ಲಿ ಈಗ ಉಳಿದಿರುವ ಹಕ್ಕಿಗಳಿಗಾಗಿ ಸೊಳ್ಳೆ ನಿಯಂತ್ರಣ ಯಾಕೆ ನಡೆಯುತ್ತಿದೆ ಎಂಬುದು ಅರ್ಥವಾಗುತ್ತದೆ. ಬರೀ ಹಾಡು ಕೇಳಿದವರಿಗೆ ಅದು ಗೊತ್ತಾಗುವುದಿಲ್ಲ.

ಈ ದನಿಯನ್ನು ಬಳಸಿ ಗಂಭೀರವಾದ ಕಲಾಕೃತಿಯೂ ಬಂದಿದೆ. ಡೆನ್ಮಾರ್ಕಿನ ಕಲಾವಿದ ಯಾಕೋಬ್ ಕುಡ್ಸ್ಕ್ ಸ್ಟೀನ್ಸನ್ ಅವರು ‘ರೀ-ಆನಿಮೇಟೆಡ್’ ಎಂಬ ಕೃತಿಯಲ್ಲಿ ಕವಾಯಿ ಓಓ ಬದುಕಿದ್ದ ಕಾಡನ್ನು ಕಂಪ್ಯೂಟರಿನಲ್ಲಿ ಕಟ್ಟಿದರು. ನೋಡುಗರು ಕಣ್ಣಿಗೆ ವಿಆರ್ ಸಾಧನ ಹಾಕಿಕೊಂಡು ಅದರೊಳಗೆ ಓಡಾಡಬಹುದು. ಇಂಗ್ಲೆಂಡಿನ ಅಲೆಕ್ಸಾಂಡ್ರಾ ಡೈಸಿ ಗಿನ್ಸ್‌ಬರ್ಗ್ 2019ರಲ್ಲಿ ‘ಮಷೀನ್ ಆಗರೀಸ್’ ಎಂಬ ಕೃತಿ ಮಾಡಿದರು. ಅದರಲ್ಲಿ ಮುಂಜಾನೆಯ ನಿಜವಾದ ಹಕ್ಕಿದನಿಗಳ ಜಾಗವನ್ನು ಎಐ ಹುಟ್ಟಿಸಿದ ದನಿಗಳು ಮೆಲ್ಲಗೆ ತುಂಬುತ್ತವೆ. ಇಬ್ಬರೂ ತಾವು ತೋರಿಸುತ್ತಿರುವುದು ಕೃತಕ ಎಂದು ಹೇಳಿಯೇ ತೋರಿಸುತ್ತಾರೆ. ಫಾರ್ವರ್ಡ್ ಹಾಗೆ ಹೇಳುವುದಿಲ್ಲ.

ಸೀರೆಯ ನವಿಲು, ಲಾಂಛನದ ಗಂಡಭೇರುಂಡ

ನಮ್ಮ ಸುತ್ತ ಹಕ್ಕಿಗಳ ಚಿತ್ರಕ್ಕೆ ಬರವಿಲ್ಲ. ಕೊಳ್ಳೇಗಾಲ ರೇಷ್ಮೆಗೆ ಹೆಸರಾದ ಊರು. ರೇಷ್ಮೆ ಸೀರೆ ಎಂದರೆ ಅಂಚಿನಲ್ಲಿ ನವಿಲು, ಹಂಸ, ಗಿಳಿ ಕಣ್ಣಿಗೆ ಬರುತ್ತವೆ. ಸರ್ಕಾರಿ ಪತ್ರದ ನೆತ್ತಿಯಲ್ಲಿ ಗಂಡಭೇರುಂಡ. ದಸರಾದಲ್ಲಿ ನೀಲಕಂಠ ಹಕ್ಕಿಯನ್ನು ಕಂಡರೆ ಶುಭ ಎಂಬ ನಂಬಿಕೆ. ರಾಮಾಯಣದಲ್ಲಿ ಜಟಾಯು. ತೇರಿನ ದಿನ ಆಕಾಶದಲ್ಲಿ ಗರುಡ ಸುತ್ತುತ್ತಿದೆಯೇ ಎಂದು ಕತ್ತೆತ್ತಿ ನೋಡುವವರು ಈಗಲೂ ಇದ್ದಾರೆ.

ಇವುಗಳಲ್ಲಿ ಯಾವ ಹಕ್ಕಿ ನಿಜವಾಗಿ ಹೇಗಿದೆ?

ಗಂಡಭೇರುಂಡ ಎಂದೂ ಇರಲಿಲ್ಲ. ಎರಡು ತಲೆಯ ಈ ಹಕ್ಕಿ ಕಲ್ಪನೆಯದು. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಯಲ್ಲಿ 1047ರ ಭೇರುಂಡೇಶ್ವರ ಕಂಬದ ಮೇಲೆ ಇದರ ಶಿಲ್ಪವಿದೆ.

ನವಿಲು ಹೆಚ್ಚುತ್ತಿದೆ. ದೇಶದಲ್ಲಿ ವೇಗವಾಗಿ ಹೆಚ್ಚುತ್ತಿರುವ ಹಕ್ಕಿಗಳಲ್ಲಿ ಅದೂ ಒಂದು ಎಂದು 2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ ಹೇಳುತ್ತದೆ.

ನೀಲಕಂಠ ಕರ್ನಾಟಕದ ರಾಜ್ಯಪಕ್ಷಿ. ಅದೇ ವರದಿಯ ಪ್ರಕಾರ ಅದು ಕಡಿಮೆಯಾಗುತ್ತಿದೆ. ಅದರ ಅಪಾಯದ ಮಟ್ಟವನ್ನು ಮತ್ತೆ ಪರಿಶೀಲಿಸಬೇಕು ಎಂಬ ಶಿಫಾರಸೂ ಅಲ್ಲಿದೆ.

ಜಟಾಯುವನ್ನು ನಾವು ರಣಹದ್ದು ಎಂದು ಚಿತ್ರಿಸುತ್ತೇವೆ. ಆ ರಣಹದ್ದು ಹೆಚ್ಚಿನ ಊರುಗಳ ಆಕಾಶದಿಂದ ಕಣ್ಮರೆಯಾಗಿದೆ.

ನಾಲ್ಕೂ ಹಕ್ಕಿಗಳು ಚಿತ್ರದಲ್ಲಿ ಒಂದೇ ಸಮ ಹೊಳೆಯುತ್ತವೆ. ಚಿತ್ರ ನೋಡಿ ಯಾವುದು ಇದೆ, ಯಾವುದು ಹೋಗುತ್ತಿದೆ ಎಂದು ಹೇಳಲಾಗದು. ಅದಕ್ಕೆ ಎಣಿಕೆ ಬೇಕು. ಮೇಲಿನ ವರದಿಗಾಗಿ ಸುಮಾರು 30,000 ಹಕ್ಕಿ ವೀಕ್ಷಕರು ‘ಇ-ಬರ್ಡ್’ನಲ್ಲಿ ದಾಖಲಿಸಿದ 3 ಕೋಟಿಗೂ ಹೆಚ್ಚು ಮಾಹಿತಿಗಳನ್ನು ಬಳಸಿ 942 ಜಾತಿಗಳನ್ನು ಪರಿಶೀಲಿಸಲಾಯಿತು. ದೀರ್ಘಕಾಲದ ಏರಿಳಿತ ಹೇಳಲು ಸಾಕಷ್ಟು ಮಾಹಿತಿ ಇದ್ದದ್ದು 338 ಜಾತಿಗಳಿಗೆ. ಅವುಗಳಲ್ಲಿ 204 ಇಳಿಮುಖವಾಗಿವೆ.

ಪೂಜೆಯಲ್ಲಿರುವ ಪ್ರಾಣಿ ತಾನಾಗಿಯೇ ಉಳಿದುಕೊಳ್ಳುತ್ತದೆ ಎಂಬ ನಂಬಿಕೆಯನ್ನೂ ಇಲ್ಲೇ ನೋಡಬೇಕು. ಎಪ್ಪತ್ತೇಳು ಮಲೆಯ ಒಡೆಯ ಮಾದಪ್ಪನ ವಾಹನ ಹುಲಿ. ಹುಲಿಯ ಮೇಲೆ ಕೂತ ಮಾದಪ್ಪನ ಪಟ ಈ ಭಾಗದಲ್ಲಿ ಮನೆಮನೆಯಲ್ಲಿದೆ, ದೇವರಗುಡ್ಡರೂ ಕಂಸಾಳೆಯವರೂ ಆ ಕಥೆಯನ್ನು ರಾತ್ರಿಯಿಡೀ ಹಾಡುತ್ತಾರೆ. 2025ರ ಜೂನ್ ಕೊನೆಯ ವಾರ ಅದೇ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹಸುವಿನ ಕಳೇಬರಕ್ಕೆ ವಿಷ ಹಾಕಲಾಗಿತ್ತು. ಹುಲಿ ದನ ಹಿಡಿದಾಗ ಸಾಕಿದವರಿಗೆ ಆಗುವ ನಷ್ಟ ಸಣ್ಣದಲ್ಲ, ಅದಕ್ಕೆ ಪರಿಹಾರ ಸರಿಯಾಗಿ, ಬೇಗ ಸಿಗಬೇಕು. ಅದು ಬೇರೆಯೇ ದೊಡ್ಡ ವಿಷಯ. ಇಲ್ಲಿ ಗಮನಿಸಬೇಕಾದದ್ದು ಇಷ್ಟು: ಹಾಡಿನಲ್ಲಿ ಇರುವ ಭಕ್ತಿಯೊಂದೇ ಕಾಡಿನಲ್ಲಿ ಕಾವಲು ಕಾಯುವುದಿಲ್ಲ.

ಕಲೆಯನ್ನು ಸಾಕ್ಷಿಯಾಗಿ ನಂಬಬಹುದೇ?

ಕೆಲವೊಮ್ಮೆ ನಂಬಬಹುದು. ಮಾರಿಷಸ್ ದ್ವೀಪದ ಡೋಡೊ ಹಕ್ಕಿ 17ನೇ ಶತಮಾನದಲ್ಲಿ ಅಳಿಯಿತು. ಅದನ್ನು ಚಿತ್ರಿಸಿದ ಅನೇಕರು ಜೀವಂತ ಡೋಡೊವನ್ನು ನೋಡಿಯೇ ಇರಲಿಲ್ಲ, ಒಬ್ಬರದನ್ನು ಒಬ್ಬರು ನಕಲು ಮಾಡುತ್ತ ಹಕ್ಕಿಯನ್ನು ದಪ್ಪಗೆ ಮಾಡುತ್ತ ಹೋದರು. ಆದರೆ ಮೊಘಲ್ ದೊರೆ ಜಹಾಂಗೀರನ ಆಸ್ಥಾನದ ಚಿತ್ರಕಾರ ಉಸ್ತಾದ್ ಮನ್ಸೂರ್ ಬರೆದದ್ದು ಎನ್ನಲಾದ ಒಂದು ಚಿತ್ರ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್ ಸಂಗ್ರಹದಲ್ಲಿದೆ. ಜೀವಂತ ಡೋಡೊವನ್ನು ನೋಡಿ ಬಣ್ಣದಲ್ಲಿ ಬರೆದ ಕೆಲವೇ ಚಿತ್ರಗಳಲ್ಲಿ ಇದೂ ಒಂದೆಂದು ವಿಜ್ಞಾನಿಗಳು ಇದಕ್ಕೆ ಬೆಲೆ ಕೊಡುತ್ತಾರೆ. ಯಾರು, ಏನನ್ನು ನೋಡಿ ಬರೆದರು ಎಂಬುದರ ಮೇಲೆ ಸಾಕ್ಷಿಯ ತೂಕ ನಿಲ್ಲುತ್ತದೆ.

ನಮ್ಮ ಭಾಗದಲ್ಲಿ ಅಂಥ ಸಾಕ್ಷಿ ಸೋಲಿಗರ ಬಾಯಲ್ಲಿದೆ. ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳ ಸೋಲಿಗರ ಗೊರುಕನ ಹಾಡು-ಕುಣಿತದಲ್ಲಿ ಕಾಡಿನ ಗಿಡಮರ, ಪ್ರಾಣಿ, ಹಕ್ಕಿಗಳು ಬರುತ್ತವೆ. ಇವು ಹಕ್ಕಿ ಅಳಿಯಿತೆಂದು ದುಃಖಿಸಿ ಕಟ್ಟಿದ ಹಾಡುಗಳಲ್ಲ. ಹಕ್ಕಿಗಳ ನಡುವೆ ಬದುಕುತ್ತಿದ್ದವರ ಹಾಡುಗಳು. ಸಂಶೋಧಕರಾದ ಸಮೀರಾ ಅಗ್ನಿಹೋತ್ರಿ ಮತ್ತು ಆಂಗ್ ಸಿ ಅವರು ಸೋಲಿಗರ ಹಕ್ಕಿ ಜ್ಞಾನವನ್ನು ದಾಖಲಿಸಿ 2012ರಲ್ಲಿ ಪ್ರಬಂಧ ಪ್ರಕಟಿಸಿದರು. ದಟ್ಟ ಕಾಡಿನಲ್ಲಿ ಹಕ್ಕಿ ಕಣ್ಣಿಗೆ ಬೀಳುವುದಕ್ಕಿಂತ ಮೊದಲು ಕಿವಿಗೆ ಬೀಳುತ್ತದೆ. ಹಾಗಾಗಿ ದನಿಯನ್ನೇ ಹೋಲುವ ಹೆಸರುಗಳು ಸೋಲಿಗರ ನುಡಿಯಲ್ಲಿ ಹಲವು.

ಈ ಜ್ಞಾನಕ್ಕೂ ಒಂದು ಅಪಾಯವಿದೆ. 1974ರಲ್ಲಿ ಬಿಳಿಗಿರಿಯ ಕಾಡು ವನ್ಯಧಾಮವಾದ ಮೇಲೆ ಸೋಲಿಗರ ಬೇಸಾಯ, ಬೇಟೆ ನಿಂತವು. ಕಾಡಿನೊಳಗಿನ ಅನೇಕ ಪೋಡುಗಳನ್ನು ಅಂಚಿಗೆ ತರಲಾಯಿತು. 2011ರಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕೂ ಸಿಕ್ಕಿತು. ಹಕ್ಕಿ ಕಾಡಿನಲ್ಲೇ ಇದ್ದು, ಅದರ ಹೆಸರು ಹೇಳುವವರು ಕಾಡಿನ ಒಡನಾಟ ಕಳೆದುಕೊಂಡರೂ ಹೆಸರು ಅಳಿಯುತ್ತದೆ. ವೇದಿಕೆಯ ಮೇಲೆ ಹತ್ತು ನಿಮಿಷ ಕುಣಿದ ಮಾತ್ರಕ್ಕೆ ಯಾವ ದನಿ ಯಾವ ಹಕ್ಕಿಯದು ಎಂದು ಮುಂದಿನವರಿಗೆ ತಿಳಿಯುವುದಿಲ್ಲ.

ಇನ್ನೊಂದು ಎಚ್ಚರ. ದನಿ ಕೇಳಿತು ಎಂದ ಕೂಡಲೇ ಆ ಹಕ್ಕಿ ಅಲ್ಲಿದೆ ಎನ್ನುವಂತಿಲ್ಲ. ಬಾಲದಲ್ಲಿ ಎರಡು ಉದ್ದ ಎಳೆಗಳಿರುವ ಭೀಮರಾಜ ಹಕ್ಕಿ ಬೇರೆ ಹಕ್ಕಿಗಳ ದನಿಯನ್ನು ನಕಲು ಮಾಡುವುದರಲ್ಲಿ ನಿಪುಣ. ಬಿಳಿಗಿರಿಯ ಭೀಮರಾಜಗಳ ಈ ಅನುಕರಣೆಯ ಬಗ್ಗೆ ಸಮೀರಾ ಅಗ್ನಿಹೋತ್ರಿ ಅವರೇ ಅಧ್ಯಯನ ಮಾಡಿದ್ದಾರೆ. ಅಪರೂಪದ ಹಕ್ಕಿಯ ದನಿ ಸಿಕ್ಕಿತು ಎಂಬ ಆಡಿಯೊ ಬಂದರೆ ಇದನ್ನು ನೆನಪಿಡಿ.

ರಣಹದ್ದು ಯಾಕೆ ಹೋಯಿತು?

ಮೊದಲು ಗುರುತು. ಊರ ಮೇಲೆ ಸುತ್ತುವ, ಬಾಲದ ತುದಿ ಸೀಳಿದಂತೆ ಕಾಣುವ ಕಂದು ಹಕ್ಕಿ ಹದ್ದು. ಇಟ್ಟಿಗೆ ಬಣ್ಣದ ಮೈ, ಬಿಳಿ ತಲೆ ಇದ್ದರೆ ಗರುಡ. ಇವೆರಡೂ ರಣಹದ್ದುಗಳಲ್ಲ. ರಣಹದ್ದು ಇವಕ್ಕಿಂತ ಬಹಳ ದೊಡ್ಡದು. ರೆಕ್ಕೆ ಅಗಲ, ಬಾಲ ಮೋಟು, ಹೆಚ್ಚಿನ ಜಾತಿಗಳಲ್ಲಿ ಕತ್ತಿನ ಮೇಲೆ ಪುಕ್ಕ ತೀರಾ ಕಡಿಮೆ. ‘ನಮ್ಮೂರಿಗೆ ರಣಹದ್ದು ವಾಪಸ್ ಬಂತು’ ಎಂಬ ಫೋಟೊ ಬಂದರೆ ಮೊದಲು ಇಷ್ಟನ್ನು ನೋಡಿ.

1990ರ ದಶಕದವರೆಗೆ ರಣಹದ್ದು ದೇಶದಲ್ಲಿ ಸಾಮಾನ್ಯ ಹಕ್ಕಿ. ದನ ಸತ್ತರೆ ಊರಾಚೆ ಎಸೆಯುತ್ತಿದ್ದರು, ರಣಹದ್ದುಗಳು ಬೇಗನೆ ಮುಗಿಸುತ್ತಿದ್ದವು. ಆಮೇಲೆ ಅವು ಗುಂಪುಗುಂಪಾಗಿ ಸಾಯತೊಡಗಿದವು. 1992ರಿಂದ 2007ರ ನಡುವೆ ಬಿಳಿಬೆನ್ನಿನ ರಣಹದ್ದು ಶೇ 99ಕ್ಕಿಂತ ಹೆಚ್ಚು ಕುಸಿಯಿತು. ಇಷ್ಟು ವೇಗದ ಕುಸಿತ ಹಕ್ಕಿಲೋಕದಲ್ಲಿ ಅಪರೂಪ.

ಕಾರಣ ತಿಳಿದದ್ದು 2004ರಲ್ಲಿ. ಪಾಕಿಸ್ತಾನದಲ್ಲಿ ಸತ್ತ ರಣಹದ್ದುಗಳನ್ನು ಪರೀಕ್ಷಿಸಿದ ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ವರದಿ ಪ್ರಕಟಿಸಿದರು. ನೋವು, ಊತ, ಜ್ವರಕ್ಕೆಂದು ದನಗಳಿಗೆ ಡೈಕ್ಲೋಫೆನಾಕ್ ಕೊಡುತ್ತಿದ್ದರು. ಔಷಧ ಪಡೆದ ಕೆಲವೇ ದಿನಗಳಲ್ಲಿ ದನ ಸತ್ತರೆ ಅದರ ಮಾಂಸದಲ್ಲಿ ಔಷಧ ಉಳಿದಿರುತ್ತದೆ. ಅದನ್ನು ತಿಂದ ರಣಹದ್ದಿನ ಕಿಡ್ನಿ ಕೆಲಸ ನಿಲ್ಲಿಸುತ್ತದೆ. ಯೂರಿಕ್ ಆಮ್ಲ ಬಿಳಿ ಹಿಟ್ಟಿನಂತೆ ಒಳಗಿನ ಅಂಗಗಳ ಮೇಲೆ ಕೂರುತ್ತದೆ, ಹಕ್ಕಿ ಸಾಯುತ್ತದೆ.

ಎಲ್ಲ ದನಗಳಿಗೂ ಇಂಜೆಕ್ಷನ್ ಕೊಡುವುದಿಲ್ಲವಲ್ಲ, ಅಷ್ಟಕ್ಕೇ ಇಡೀ ಕುಲ ಹೋಗುತ್ತದೆಯೇ ಎಂದು ಕೇಳಬಹುದು. ಸಂಶೋಧಕರು ಲೆಕ್ಕ ಹಾಕಿದ್ದಾರೆ. ನೂರು ಕಳೇಬರಗಳಲ್ಲಿ ಒಂದಕ್ಕಿಂತ ಕಡಿಮೆ ವಿಷವಾಗಿದ್ದರೂ ಸಾಕಿತ್ತು. ಒಂದು ಕಳೇಬರಕ್ಕೆ ಹತ್ತಾರು ರಣಹದ್ದುಗಳು ಸೇರುತ್ತವೆ. ಒಂದು ಜೋಡಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ, ಮರಿ ಬೆಳೆದು ಸಂತಾನಕ್ಕೆ ಬರಲು ಸುಮಾರು ಐದು ವರ್ಷ. ಹೋದಷ್ಟು ಬೇಗ ತುಂಬಿಕೊಳ್ಳುವ ಜಾತಿ ಇದಲ್ಲ.

ಭಾರತ 2006ರಲ್ಲಿ ಪಶುಗಳಿಗೆ ಡೈಕ್ಲೋಫೆನಾಕ್ ನಿಷೇಧಿಸಿತು. ಮನುಷ್ಯರಿಗೆಂದು ಮಾರುವ ದೊಡ್ಡ ಬಾಟಲಿ ದನಗಳಿಗೆ ಬಳಕೆಯಾಗುತ್ತಿತ್ತು. ಹಾಗಾಗಿ 2015ರಲ್ಲಿ ಆ ಇಂಜೆಕ್ಷನ್ನನ್ನು 3 ಮಿ.ಲೀ. ಒಂದೇ ಡೋಸಿಗೆ ಸೀಮಿತ ಮಾಡಿದರು. 2023ರಲ್ಲಿ ಕೀಟೊಪ್ರೊಫೆನ್ ಮತ್ತು ಅಸಿಕ್ಲೋಫೆನಾಕ್, ಆಮೇಲೆ ನಿಮೆಸುಲೈಡ್ ಕೂಡ ಪಶುಗಳ ಮಟ್ಟಿಗೆ ನಿಷೇಧವಾದವು. ರಣಹದ್ದಿಗೆ ತೊಂದರೆಯಿಲ್ಲವೆಂದು ಪರೀಕ್ಷೆಯಲ್ಲಿ ಕಂಡಿರುವ ಬದಲಿ ಔಷಧಗಳು ಮೆಲಾಕ್ಸಿಕಾಮ್ ಮತ್ತು ಟಾಲ್ಫೆನಾಮಿಕ್ ಆಸಿಡ್.

ಕರ್ನಾಟಕದಲ್ಲಿ ರಣಹದ್ದು ಪೂರ್ತಿ ಇಲ್ಲವಾಗಿಲ್ಲ. ಚಾಮರಾಜನಗರ ಜಿಲ್ಲೆಯ ಬಂಡೀಪುರ ಮತ್ತು ಅದಕ್ಕೆ ಹೊಂದಿದ ನೀಲಗಿರಿ ತಪ್ಪಲಿನ ಕಾಡು ದಕ್ಷಿಣ ಭಾರತದ ರಣಹದ್ದುಗಳ ಮುಖ್ಯ ನೆಲೆ. ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಲಾಯಿತು. 2023ರಿಂದ ಕರ್ನಾಟಕ, ತಮಿಳುನಾಡು, ಕೇರಳ ಒಂದೇ ಹೊತ್ತಿಗೆ ಎಣಿಕೆ ಮಾಡುತ್ತಿವೆ. ಮೂರೂ ರಾಜ್ಯ ಸೇರಿ ಸಿಕ್ಕ ಸಂಖ್ಯೆ ಕೆಲವು ನೂರು ಮಾತ್ರ. ಹೂಗ್ಯಂನಲ್ಲಿ ನಡೆದಂತೆ ಕಳೇಬರಕ್ಕೆ ವಿಷ ಹಾಕಿದರೆ, ಹುಲಿಗೆಂದು ಇಟ್ಟದ್ದು ಈ ಉಳಿದ ಹಕ್ಕಿಗಳನ್ನೂ ಕೊಲ್ಲಬಲ್ಲದು.

ರಣಹದ್ದು ಹೋದರೆ ಮನುಷ್ಯರಿಗೇನು ಎಂಬ ಪ್ರಶ್ನೆಗೂ ಉತ್ತರವಿದೆ. ಕಳೇಬರ ಕೊಳೆಯುತ್ತದೆ, ನೀರು ಕೆಡುತ್ತದೆ, ಬೀದಿನಾಯಿಗಳು ಹೆಚ್ಚುತ್ತವೆ, ಜೊತೆಗೆ ರೇಬಿಸ್ ಅಪಾಯ. ಐಯಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ ಎಂಬ ಅರ್ಥಶಾಸ್ತ್ರಜ್ಞರು 2024ರಲ್ಲಿ ಪ್ರಕಟಿಸಿದ ಅಧ್ಯಯನದ ಅಂದಾಜಿನಂತೆ, ರಣಹದ್ದುಗಳ ಕುಸಿತದಿಂದ 2000ದಿಂದ 2005ರ ನಡುವೆ ಭಾರತದಲ್ಲಿ ಸುಮಾರು 5 ಲಕ್ಷ ಹೆಚ್ಚುವರಿ ಸಾವುಗಳಾದವು.

ಕಲಾವಿದರು ಇದಕ್ಕೆ ಹೇಗೆ ಸ್ಪಂದಿಸಿದ್ದಾರೆ?

ಒಂದು ಬಗೆ ಸ್ಮಾರಕ ಕಟ್ಟುವುದು. ಅಮೆರಿಕದ ಶಿಲ್ಪಿ ಟಾಡ್ ಮೆಗ್ರೇನ್ ಅಳಿದುಹೋದ ಐದು ಹಕ್ಕಿಗಳ ದೊಡ್ಡ ಕಂಚಿನ ಶಿಲ್ಪ ಮಾಡಿ, ಅವು ಕೊನೆಯದಾಗಿ ಇದ್ದ ಜಾಗಗಳಲ್ಲಿ ನಿಲ್ಲಿಸಿದರು. ಕೋಟಿಗಟ್ಟಲೆ ಸಂಖ್ಯೆಯಲ್ಲಿ ಇದ್ದು 1914ರಲ್ಲಿ ಇಲ್ಲವಾದ ಪ್ಯಾಸೆಂಜರ್ ಪಾರಿವಾಳ ಅವುಗಳಲ್ಲೊಂದು. ಶಿಲ್ಪ ನಿಂತ ಜಾಗವೇ ಪ್ರಶ್ನೆ ಕೇಳುತ್ತದೆ: ಇಲ್ಲಿದ್ದದ್ದು ಎಲ್ಲಿ ಹೋಯಿತು?

ಎರಡನೆಯದು ನಗರದ ನಡುವೆ ಗೈರುಹಾಜರಿಯನ್ನು ತೋರಿಸುವುದು. ದೆಹಲಿಯ ಕಲಾವಿದ ರವಿ ಅಗರ್ವಾಲ್ 2008ರಲ್ಲಿ ಅಲ್ಲಿನ ಸಾರ್ವಜನಿಕ ಕಲಾ ಉತ್ಸವದಲ್ಲಿ ‘ಎಕ್ಸ್‌ಟಿಂಕ್ಟ್?’ ಎಂಬ ಕೃತಿ ಮಾಡಿದರು. ವಿಷಯ ದೆಹಲಿಯ ಆಕಾಶದಿಂದ ಹೋದ ರಣಹದ್ದು. ಹೆಸರಿನ ಕೊನೆಗೆ ಇಟ್ಟ ಪ್ರಶ್ನೆಚಿಹ್ನೆ ಸರಿಯಾಗಿಯೇ ಇದೆ, ಏಕೆಂದರೆ ಹಕ್ಕಿ ಇನ್ನೂ ಪೂರ್ತಿ ಅಳಿದಿಲ್ಲ.

ಮೂರನೆಯದು ಪುರಾಣವನ್ನು ಎತ್ತಿ ನಿಲ್ಲಿಸುವುದು. ಕೇರಳದ ಚಡಯಮಂಗಲದಲ್ಲಿ ರಾಜೀವ್ ಅಂಚಲ್ ಮಾಡಿದ ಜಟಾಯು ಶಿಲ್ಪ 200 ಅಡಿ ಉದ್ದ, 2018ರಲ್ಲಿ ಪ್ರವಾಸಿಗರಿಗೆ ತೆರೆಯಿತು. ರೆಕ್ಕೆ ಕತ್ತರಿಸಿಕೊಂಡು ಬಿದ್ದ ಹಕ್ಕಿಯನ್ನು ಸಾವಿರಾರು ಜನ ನೋಡುತ್ತಾರೆ. ನಿಜವಾದ ಜಟಾಯುಗಳು ಔಷಧದಿಂದ ಬಿದ್ದವು ಎಂಬುದು ಅಲ್ಲಿಗೆ ಹೋಗಿ ಬಂದವರಲ್ಲಿ ಎಷ್ಟು ಜನಕ್ಕೆ ಗೊತ್ತು?

ಕನ್ನಡದಲ್ಲಿ ಪೂರ್ಣಚಂದ್ರ ತೇಜಸ್ವಿ ಹಿಡಿದ ದಾರಿ ಬೇರೆ. ಮೂಡಿಗೆರೆಯಲ್ಲಿ ಕೂತು ಹಕ್ಕಿಗಳ ಫೋಟೊ ತೆಗೆದರು, ಚಿತ್ರ ಬರೆದರು, ‘ಕನ್ನಡ ನಾಡಿನ ಹಕ್ಕಿಗಳು’, ‘ಹಕ್ಕಿ ಪುಕ್ಕ’ದಂಥ ಪುಸ್ತಕಗಳಲ್ಲಿ ಕನ್ನಡ ಹೆಸರು, ಗುರುತು, ನಡವಳಿಕೆ ಕೊಟ್ಟರು. ಹೆಸರು ಗೊತ್ತಿಲ್ಲದ ಹಕ್ಕಿ ಕಾಣೆಯಾದರೆ ಕಾಣೆಯಾಯಿತು ಎಂದೂ ತಿಳಿಯುವುದಿಲ್ಲ. ಈ ಪುಸ್ತಕಗಳು ಮಾಡಿದ ಉಪಕಾರ ಅಲ್ಲಿದೆ.

ಹನೂರು ಸೀಮೆಯ ಲಂಟಾನ: ಕಳೆಯಿಂದ ಕಸುಬು

ನಮ್ಮದೇ ಭಾಗದ ಉದಾಹರಣೆ ಲಂಟಾನ. ಅಂದದ ಹೂವಿಗೆಂದು 19ನೇ ಶತಮಾನದ ಆರಂಭದಲ್ಲಿ ಭಾರತಕ್ಕೆ ತಂದ ಗಿಡ ಇದು. ಇದರ ಹಣ್ಣನ್ನು ಪಿಕಳಾರದಂಥ ಹಕ್ಕಿಗಳು ತಿಂದು ಬೀಜ ಹರಡುತ್ತವೆ. ಬಿಳಿಗಿರಿಯ ಕಾಡಿನಲ್ಲಿ 134 ಜಾಗಗಳನ್ನು ಆರಿಸಿ ಭರತ್ ಸುಂದರಂ ಮತ್ತು ಅಂಕಿಲಾ ಹಿರೇಮಠ ನಡೆಸಿದ ಅಧ್ಯಯನದ ಪ್ರಕಾರ, 1997ರಲ್ಲಿ ಶೇ 41 ಜಾಗಗಳಲ್ಲಿದ್ದ ಲಂಟಾನ 2008ರ ಹೊತ್ತಿಗೆ ಶೇ 81 ಜಾಗಗಳಿಗೆ ಹಬ್ಬಿತ್ತು. ಹಿಂದೆ ತಾವು ಹಾಕುತ್ತಿದ್ದ ತರಗು ಬೆಂಕಿ, ಅಂದರೆ ಒಣ ಎಲೆ ಮಾತ್ರ ಸುಡುವ ಸಣ್ಣ ಬೆಂಕಿ, ನಿಂತ ಮೇಲೆಯೇ ಲಂಟಾನ ಹೆಚ್ಚಿತು ಎಂದು ಸೋಲಿಗ ಹಿರಿಯರು ಹೇಳುತ್ತ ಬಂದಿದ್ದಾರೆ. ಸಂಶೋಧಕರೂ ಈ ಮಾತನ್ನು ಗಂಭೀರವಾಗಿ ಪರಿಶೀಲಿಸಿದ್ದಾರೆ.

ಲಂಟಾನದ ಹಣ್ಣು ಹಕ್ಕಿಗೆ ಆಹಾರ, ಹಾಗಾಗಿ ಹಕ್ಕಿಗಳಿಗೆ ಲಾಭವೇ ಎಂಬ ಮಾತೂ ಇದೆ. ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ಎನ್.ಎ. ಅರವಿಂದ್ ಮತ್ತು ಸಂಗಡಿಗರು ಮಾಡಿದ, 2010ರಲ್ಲಿ ಪ್ರಕಟವಾದ ಅಧ್ಯಯನ ಬೇರೆಯದನ್ನು ಹೇಳುತ್ತದೆ. ಲಂಟಾನ ದಟ್ಟವಾದಂತೆ ಹಕ್ಕಿಗಳ ವೈವಿಧ್ಯ ಕಡಿಮೆಯಾಗಿತ್ತು. ಮರದ ಮೇಲ್ಭಾಗದಲ್ಲಿ ಇರುವ ಹಕ್ಕಿಗಳಿಗೂ ಹುಳು ತಿನ್ನುವ ಹಕ್ಕಿಗಳಿಗೂ ಹೆಚ್ಚು ಪೆಟ್ಟು ಬಿದ್ದಿತ್ತು. ಹಣ್ಣು ತಿನ್ನುವ ಕೆಲವು ಹಕ್ಕಿಗಳನ್ನು ಪೊದೆಯಲ್ಲಿ ಕಂಡು ಎಲ್ಲ ಹಕ್ಕಿಗೂ ಒಳ್ಳೆಯದೆಂದು ತಿಳಿಯಬಾರದು.

ಈ ಕಳೆಯಿಂದಲೇ ಒಂದು ಕಸುಬು ಹುಟ್ಟಿತು. ಬೆಂಗಳೂರಿನ ಏಟ್ರೀ ಸಂಶೋಧನಾ ಸಂಸ್ಥೆ 2000ದ ದಶಕದಲ್ಲಿ ಮಲೆ ಮಹದೇಶ್ವರ ಬೆಟ್ಟದ ಸೋಲಿಗರ ಜೊತೆ ಸೇರಿ ಲಂಟಾನ ಕರಕುಶಲ ಕೆಲಸ ಆರಂಭಿಸಿತು. ಕೊಂಬೆ ಕಡಿದು, ನೀರಿನಲ್ಲಿ ಬೇಯಿಸಿ, ಸಿಪ್ಪೆ ಸುಲಿದು, ಬೆತ್ತದಂತೆ ಬಗ್ಗಿಸಿ ಕುರ್ಚಿ, ಬುಟ್ಟಿ ಮಾಡುತ್ತಾರೆ. ಇದೇ ಗಿಡದಿಂದ ನೀಲಗಿರಿಯ ಬೆಟ್ಟಕುರುಬ, ಪಣಿಯ, ಸೋಲಿಗ ಮುಂತಾದ ಸಮುದಾಯಗಳ ಕುಶಲಿಗರು ಆಳೆತ್ತರಕ್ಕೂ ಮೀರಿದ ಆನೆಗಳನ್ನು ಮಾಡಿದರು. ಅವು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ, 2024ರ ಆರಂಭದಲ್ಲಿ ಬೆಂಗಳೂರಿನ ಲಾಲ್‌ಬಾಗಿನಲ್ಲಿ ನಿಂತವು, ಆಮೇಲೆ ಅಮೆರಿಕಕ್ಕೆ ಹೋದವು.

ಈ ಆನೆಗಳ ಫೋಟೊ ಜೊತೆ ‘ಲಂಟಾನ ಸಮಸ್ಯೆಗೆ ಪರಿಹಾರ ಸಿಕ್ಕಿತು’ ಎಂದು ಬರೆದರೆ ಅದು ಸರಿಯಲ್ಲ. ಕೊಂಬೆ ಕಡಿದ ಲಂಟಾನ ಬುಡದಿಂದ ಮತ್ತೆ ಚಿಗುರುತ್ತದೆ. ಬೇರು ಸಮೇತ ಕಿತ್ತು, ಆ ಜಾಗದಲ್ಲಿ ನಾಡ ಹುಲ್ಲು, ಗಿಡ ಬರುವಂತೆ ವರ್ಷಗಟ್ಟಲೆ ನೋಡಿಕೊಳ್ಳಬೇಕು. ನೂರಾರು ಚದರ ಕಿಲೋಮೀಟರಿನ ಕಾಡನ್ನು ಪೀಠೋಪಕರಣ ಮಾಡಿ ತೆರವು ಮಾಡಲಾಗದು. ಆದರೂ ಈ ಕೆಲಸಕ್ಕೆ ಬೆಲೆಯಿದೆ. ಕುಟುಂಬಗಳಿಗೆ ದುಡಿಮೆ ಸಿಗುತ್ತದೆ, ಬಿದಿರಿನ ಮೇಲಿನ ಒತ್ತಡ ತಗ್ಗುತ್ತದೆ. ಕಾಡು ನೋಡದವರ ಕೈಗೂ ಆ ಕಾಡಿನ ಸಮಸ್ಯೆ ತಲುಪುತ್ತದೆ.

ಗುಬ್ಬಿ ಮತ್ತು ಟವರ್: ಒಂದು ಸಣ್ಣ ಉತ್ತರ

ಮೊಬೈಲ್ ಟವರ್‌ನಿಂದ ಗುಬ್ಬಿ ನಾಶವಾಯಿತು ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ. 2020ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ ದೇಶದ ಮಟ್ಟದಲ್ಲಿ ಗುಬ್ಬಿಯ ಸಂಖ್ಯೆ ಸುಮಾರಾಗಿ ಸ್ಥಿರವಾಗಿದೆ, ದೊಡ್ಡ ನಗರಗಳಲ್ಲಿ ಕಡಿಮೆಯಾಗಿದೆ ಎಂದಿತು. ನಗರದಲ್ಲಿ ಗೂಡಿಗೆ ಸಂದು, ಮರಿಗೆ ಹುಳು ಸಿಗದಿರುವುದು ಸಂಭವನೀಯ ಕಾರಣಗಳು. ಎಲ್ಲ ಹಕ್ಕಿಗೂ ಒಂದೇ ಕಾರಣ ಹೇಳುವ ಸಂದೇಶವನ್ನು ಅನುಮಾನದಿಂದ ನೋಡಿ. ಹವಾಯಿಯಲ್ಲಿ ಸೊಳ್ಳೆ, ನಮ್ಮ ರಣಹದ್ದಿಗೆ ಇಂಜೆಕ್ಷನ್, ಮಲೆ ಮಹದೇಶ್ವರ ಬೆಟ್ಟದಲ್ಲಿ ಕಳೆಗಿಡ. ಪ್ರತಿ ಹಕ್ಕಿಯ ಕಥೆ ಬೇರೆ.

ಫಾರ್ವರ್ಡ್ ಮಾಡುವ ಮುನ್ನ

1. ಹಕ್ಕಿಯ ಹೆಸರು ಇದೆಯೇ? ‘ಅಪರೂಪದ ಹಕ್ಕಿ’ ಎಂದಷ್ಟೇ ಇದ್ದರೆ ಕಳಿಸಬೇಡಿ.
2. ಎಲ್ಲಿ, ಯಾವ ವರ್ಷ ಎಂದು ಇದೆಯೇ? ಚಿತ್ರ ಎಐ ಮಾಡಿದ್ದೇ ಎಂದು ನೋಡಿ. ಕಾಲ್ಬೆರಳು, ಕೊಕ್ಕು, ರೆಕ್ಕೆಯ ಜೋಡಣೆ ವಿಚಿತ್ರವಾಗಿದ್ದರೆ ಅನುಮಾನಪಡಿ.
3. ‘ಅಳಿದಿದೆ’ ಎಂದರೆ ಜಗತ್ತಿನಲ್ಲೇ ಇಲ್ಲ ಎಂದರ್ಥ. ‘ನಮ್ಮೂರಲ್ಲಿ ಕಾಣುತ್ತಿಲ್ಲ’ ಎಂಬುದು ಬೇರೆ. ರಣಹದ್ದು ಎರಡನೆಯ ಗುಂಪಿನದು. ಅಂದರೆ ಮಾಡಬೇಕಾದ ಕೆಲಸ ಇನ್ನೂ ಬಾಕಿ ಇದೆ.
4. ಕಾರಣ ಹೇಳಿದ್ದರೆ, ಅದನ್ನು ಯಾರು ಪರೀಕ್ಷಿಸಿದರು ಎಂದು ಕೇಳಿ.
5. ದನ ಸಾಕುವವರು ಪಶುವೈದ್ಯರನ್ನು ಒಂದು ಮಾತು ಕೇಳಿ: ಈ ನೋವಿನ ಇಂಜೆಕ್ಷನ್ ಮೆಲಾಕ್ಸಿಕಾಮೇ, ಬೇರೆಯೇ? ವೈದ್ಯರಿಗೆ ತೋರಿಸದೆ ಮೆಡಿಕಲ್ ಶಾಪಿನಿಂದ ಮನುಷ್ಯರ ಇಂಜೆಕ್ಷನ್ ತಂದು ದನಕ್ಕೆ ಕೊಡಬೇಡಿ. ಔಷಧ ಪಡೆದ ಮೇಲೆ ದನ ಸತ್ತರೆ ಆಳವಾಗಿ ಹೂಳಿ. ಕಳೇಬರಕ್ಕೆ ವಿಷ ಹಾಕುವುದು ಅಪರಾಧ. ಕಾಡುಪ್ರಾಣಿ ದನ ಕೊಂದರೆ ಅರಣ್ಯ ಇಲಾಖೆಗೆ ತಿಳಿಸಿ ಪರಿಹಾರಕ್ಕೆ ಅರ್ಜಿ ಕೊಡಿ.
6. ರಣಹದ್ದು, ನೀಲಕಂಠ ನಿಜವಾಗಿ ಕಂಡರೆ ದಿನ, ಜಾಗ, ಸಂಖ್ಯೆಯನ್ನು ಇ-ಬರ್ಡ್‌ನಲ್ಲಿ ದಾಖಲಿಸಿ. ಗೂಡಿನ ನಿಖರ ಜಾಗವನ್ನು ವಾಟ್ಸಾಪ್‌ನಲ್ಲಿ ಹಾಕಬೇಡಿ.
7. ಮನೆಯಲ್ಲಿ, ಪೋಡಿನಲ್ಲಿ ಹಿರಿಯರಿದ್ದರೆ ಹಕ್ಕಿಗಳ ಹೆಸರು, ಹಾಡು ಕೇಳಿ, ಒಪ್ಪಿದರೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಹಾಡಿದವರ ಹೆಸರು, ಊರು, ದಿನಾಂಕ ಸೇರಿಸಿಡಿ. ಅವರು ಒಪ್ಪದೆ ಹಂಚಬೇಡಿ.

ಹಾಡನ್ನೂ ಚಿತ್ರವನ್ನೂ ಧಾರಾಳವಾಗಿ ಹಂಚಿಕೊಳ್ಳಿ. ಅದರ ಕೆಳಗೆ ಹಕ್ಕಿಯ ಹೆಸರು, ಅದಕ್ಕೆ ಬಂದ ಕಷ್ಟದ ನಿಜವಾದ ಕಾರಣ, ನಮ್ಮ ಕೈಲಾಗುವ ಒಂದು ಕೆಲಸ, ಈ ಮೂರು ಸಾಲು ಸೇರಿಸಿ ಕಳಿಸಿ. ನಿಮ್ಮ ಗುಂಪಿನಲ್ಲಿ ದನ ಸಾಕುವವರು ಒಬ್ಬರಾದರೂ ಇದ್ದರೆ, ಐದನೆಯ ಅಂಶವನ್ನು ಮೊದಲು ಕಳಿಸಿ.